ಅನುಮಾನಕ್ಕೆ ಆಧಾರವೇನು?

'ಅನುಮಾನ' ಎಂಬ ಪದವನ್ನು ನಾವು ದಿನಕ್ಕೆ ಹತ್ತು ಬಾರಿಯಾದರೂ ಬಳಸುತ್ತೇವೆ. ಗಂಡನಿಗೆ ಹೆಂಡತಿಯ ಮೇಲೆ ಅನುಮಾನ, ಧಣಿಗೆ ಕೆಲಸದ ಹುಡುಗನ ಮೇಲೆ ಅನುಮಾನ, ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಗಡ್ಡಧಾರಿಯ ಚೀಲದ ಮೇಲೆ ಅನುಮಾನ. ಆದರೆ ಭಾರತದ ತರ್ಕಶಾಸ್ತ್ರದಲ್ಲಿ ಈ ಪದದ ಅರ್ಥವೇ ಬೇರೆ. ನ್ಯಾಯ ದರ್ಶನದವರಿಗೆ ಅನುಮಾನವೆಂದರೆ ಸಂಶಯವಲ್ಲ, ಸರಿಯಾದ ಜ್ಞಾನವನ್ನು ಪಡೆಯುವ ಮಾರ್ಗಗಳಲ್ಲಿ ಒಂದು. ಕಂಡದ್ದರಿಂದ ಕಾಣದ್ದನ್ನು ತಿಳಿಯುವುದೇ ಅನುಮಾನ. ಅದಕ್ಕೆ ಅವರು ಕೊಡುವ ಉದಾಹರಣೆ ಶಾಲೆಯ ಮಕ್ಕಳಿಗೂ ಗೊತ್ತು: ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ, ಆದ್ದರಿಂದ ಅಲ್ಲಿ ಬೆಂಕಿ ಇದೆ.

ಆದರೆ ಆ ಉದಾಹರಣೆ ಅಲ್ಲಿಗೆ ಮುಗಿಯುವುದಿಲ್ಲ. ಹೊಗೆ ಕಂಡೊಡನೆ ಬೆಂಕಿ ಎಂದು ಕೂಗಲು ನೈಯಾಯಿಕರು ಬಿಡುವುದಿಲ್ಲ. ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆ ಎಂಬುದು ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ. ಅಡುಗೆಮನೆಯಲ್ಲಿ ಕಂಡಿದ್ದೇನೆ ಎನ್ನಬೇಕು. ಬೆಂಕಿ ಇಲ್ಲದ ಕಡೆ, ಕೆರೆಯಲ್ಲಿ, ಹೊಗೆ ಏಳುವುದನ್ನು ಕಂಡಿಲ್ಲ ಎನ್ನಬೇಕು. ಅದಕ್ಕಿಂತ ಮೊದಲು ಇನ್ನೊಂದು ಪ್ರಶ್ನೆಗೆ ಉತ್ತರಿಸಬೇಕು: ನೀನು ಕಂಡದ್ದು ಹೊಗೆಯೇ ಹೌದೇ? ಮಂಜೂ ದೂರದಿಂದ ಹೊಗೆಯಂತೆಯೇ ಕಾಣುತ್ತದೆ. ಆಗುಂಬೆಯ ಕಡೆ ಮಳೆಗಾಲದಲ್ಲಿ ಹೋದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಷ್ಟು ಪರೀಕ್ಷೆ ಮುಗಿದ ಮೇಲಷ್ಟೇ ಅನುಮಾನ ಪ್ರಮಾಣವಾಗುತ್ತದೆ. ಇಂಥ ಶಿಸ್ತಿನ ಪದ ಆಡುಮಾತಿಗೆ ಇಳಿಯುವಷ್ಟರಲ್ಲಿ ಬರೀ ಸಂಶಯವಾಗಿದೆ. ಪರೀಕ್ಷೆ ಬಿದ್ದುಹೋಯಿತು, ತೀರ್ಮಾನ ಮಾತ್ರ ಉಳಿಯಿತು.

ಅರಬಿಯ 'ಝನ್ನ್' ಎಂಬ ಪದವೂ ಹೀಗೆಯೇ ಎರಡು ದಡಗಳ ನಡುವೆ ಓಡಾಡುತ್ತದೆ. ಆಧಾರವಿಲ್ಲದ ಊಹೆಗೂ ಅದೇ ಪದ, ಖಚಿತ ನಂಬಿಕೆಗೆ ಹತ್ತಿರವಾದ ತಿಳಿವಿಗೂ ಅದೇ ಪದ. ಪವಿತ್ರ ಕುರ್‌ಆನ್‌ನಲ್ಲಿ ಎರಡೂ ಬಳಕೆಗಳಿವೆ. ತಮ್ಮ ಪ್ರಭುವನ್ನು ಭೇಟಿಯಾಗಲಿದ್ದೇವೆ ಎಂಬ ವಿಶ್ವಾಸಿಗಳ ದೃಢ ನಂಬಿಕೆಯನ್ನು ಅಲ್ ಬಕರಃ ಅಧ್ಯಾಯ ಇದೇ ಧಾತುವಿನ ಪದದಿಂದ ಹೇಳುತ್ತದೆ. ಅಲ್ ಹುಜುರಾತ್ ಅಧ್ಯಾಯವು ಗುಮಾನಿಯಿಂದ ದೂರವಿರಿ ಎಂದು ಎಚ್ಚರಿಸುವಾಗಲೂ ಇದೇ ಪದ ಬರುತ್ತದೆ. ಆ ಎಚ್ಚರಿಕೆಯನ್ನು ನಾವು ಸಾಮಾನ್ಯವಾಗಿ ಅವಸರದಲ್ಲಿ ಓದಿ ಮುಂದೆ ಹೋಗುತ್ತೇವೆ. ಎಲ್ಲ ಊಹೆಯೂ ಪಾಪವೆಂದು ಅಲ್ಲಿ ಹೇಳಿಲ್ಲ. ಕೆಲವು ಊಹೆಗಳು ಪಾಪವಾಗಿರುವುದರಿಂದ ಹೆಚ್ಚಿನ ಊಹೆಗಳಿಂದ ದೂರವಿರಿ ಎಂದು ಹೇಳಲಾಗಿದೆ. ಯಾವುದು ಪಾಪ, ಯಾವುದು ಅಲ್ಲ ಎಂದು ವಿಂಗಡಿಸುವ ಹೊಣೆಯನ್ನು ಓದುಗನಿಗೇ ಬಿಡಲಾಗಿದೆ.

ಅದೇ ಅಧ್ಯಾಯದ ಇನ್ನೊಂದು ಸೂಕ್ತವು ನಂಬಿಕೆಗೆ ಅರ್ಹನಲ್ಲದವನು ಸುದ್ದಿ ತಂದರೆ ಏನು ಮಾಡಬೇಕೆಂದು ಹೇಳುತ್ತದೆ. ಅವನನ್ನು ಓಡಿಸಿರಿ, ಸುದ್ದಿಯನ್ನು ತಿರಸ್ಕರಿಸಿರಿ ಎನ್ನುವುದಿಲ್ಲ. ಪರಿಶೀಲಿಸಿರಿ ಎನ್ನುತ್ತದೆ. ಕಾರಣವನ್ನೂ ಕೊಡುತ್ತದೆ. ಅರಿಯದೆ ಒಂದು ಜನಸಮೂಹಕ್ಕೆ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪ ಪಡುವಂತಾಗಬಾರದು. ಅಂದರೆ ಪುರಾವೆ ಕೇಳುವುದು ಬುದ್ಧಿವಂತಿಕೆಯ ಪ್ರದರ್ಶನವಲ್ಲ. ಮೂರನೆಯವನೊಬ್ಬನ ಮಾನ, ಪ್ರಾಣಗಳು ಅದರಲ್ಲಿ ಅಡಗಿವೆ.

ಹಾಗೆಂದು ಊಹಿಸದೆ ಓದಲು ಸಾಧ್ಯವೇ? ಸಾಧ್ಯವಿಲ್ಲ. ಯಾವ ಲೇಖಕನೂ ಎಲ್ಲವನ್ನೂ ಬರೆಯುವುದಿಲ್ಲ. ಕಥೆಯಲ್ಲಿ ಒಬ್ಬಾಕೆ ತಟ್ಟೆಗೆ ಬಡಿಸಿಕೊಂಡ ಅನ್ನವನ್ನು ಹಾಗೆಯೇ ಬಿಟ್ಟು ಎದ್ದಳು ಎಂದಿದ್ದರೆ ಆಕೆಗೆ ಬೇಸರವಾಗಿದೆ ಎಂದು ನಾವು ತಿಳಿಯುತ್ತೇವೆ. ಅದನ್ನೂ ಬರೆದೇ ತಿಳಿಸಬೇಕೆಂದರೆ ಕಥೆ ಓದಲಾಗದಂತಾಗುತ್ತದೆ. ಬರೆದ ಮಾತು ಮತ್ತು ಬರೆಯದ ಮಾತುಗಳ ನಡುವಿನ ತೋಡನ್ನು ಓದುಗನೇ ದಾಟಬೇಕು. ಯಾವ ಕಲ್ಲಿನ ಮೇಲೆ ಕಾಲಿಟ್ಟು ದಾಟಿದೆ ಎಂದು ಕೇಳಿದಾಗ ತೋರಿಸಲು ಕಲ್ಲೊಂದು ಇರಬೇಕು, ಅಷ್ಟೆ.

ಪ್ರವಾದಿ ಮುಹಮ್ಮದ್(ಸ)ರ ಜೀವನದಲ್ಲಿ ಇದಕ್ಕೆ ಒಂದು ಸೊಗಸಾದ ಉದಾಹರಣೆ ಇದೆ. ಹಿಜರಿ 5ನೇ ವರ್ಷ ಕಂದಕ ಯುದ್ಧ ಮುಗಿದೊಡನೆ ಪ್ರವಾದಿ(ಸ)ರು ಅನುಚರರನ್ನು ಬನೂ ಕುರೈಝಾದ ಕಡೆಗೆ ಕಳುಹಿಸಿದರು. ಅಲ್ಲಿಗೆ ತಲುಪಿದ ಮೇಲಲ್ಲದೆ ಯಾರೂ ಅಸರ್ ನಮಾಝ್ ಮಾಡಬಾರದು ಎಂದು ಸೂಚಿಸಿದರು. ದಾರಿಯಲ್ಲೇ ಅಸರ್‌ನ ಹೊತ್ತಾಯಿತು. ಕೆಲವರು, 'ಪ್ರವಾದಿಯವರು ಹೇಳಿದ್ದು ಸ್ಪಷ್ಟ. ಅಲ್ಲಿಗೆ ತಲುಪಿಯೇ ನಮಾಝ್' ಎಂದರು. ಉಳಿದವರು, 'ಬೇಗ ಹೋಗಿ ಎಂಬುದು ಅವರ ಮಾತಿನ ಉದ್ದೇಶ. ನಮಾಝ್‌ನ ಸಮಯ ಮೀರಿಸಿ ಎಂಬುದಲ್ಲ' ಎಂದು ದಾರಿಯಲ್ಲೇ ನಿರ್ವಹಿಸಿದರು. ವಿಷಯ ಪ್ರವಾದಿ(ಸ)ರ ಮುಂದೆ ಬಂದಾಗ ಅವರು ಎರಡೂ ಗುಂಪಿನಲ್ಲಿ ಯಾರನ್ನೂ ಗದರಲಿಲ್ಲ. ಸಹೀಹುಲ್ ಬುಖಾರಿಯಲ್ಲಿರುವ ಈ ಘಟನೆಯನ್ನು ಭಿನ್ನಾಭಿಪ್ರಾಯದ ಸಹಿಷ್ಣುತೆಗೆ ಉದಾಹರಣೆಯಾಗಿ ನಮ್ಮ ವೇದಿಕೆಗಳಲ್ಲಿ ಹೇಳುವುದುಂಟು. ಅದು ಸರಿಯೇ. ಆದರೆ ಎರಡು ಗುಂಪುಗಳೂ ತಮ್ಮ ಓದಿಗೆ ಆಧಾರ ಇಟ್ಟುಕೊಂಡಿದ್ದುವು ಎಂಬುದನ್ನು ಮರೆಯಬಾರದು. ಒಂದು ಗುಂಪಿಗೆ ಮಾತಿನ ಅಕ್ಷರವೇ ಆಧಾರ. ಇನ್ನೊಂದಕ್ಕೆ ಸಂದರ್ಭ ಮತ್ತು ಸಮಯಕ್ಕೆ ಸರಿಯಾಗಿ ನಮಾಝ್ ನಿರ್ವಹಿಸಬೇಕೆಂಬ ಮೊದಲೇ ಸ್ಥಾಪಿತವಾದ ಆದೇಶ. 'ನನಗೆ ಹಾಗೆ ಅನ್ನಿಸಿತು' ಎಂದವರು ಅಲ್ಲಿ ಯಾರೂ ಇರಲಿಲ್ಲ.

ಆಧಾರವಿಲ್ಲದ ಊಹೆ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಪ್ರವಾದಿ(ಸ)ರ ಮನೆಯೇ ಅನುಭವಿಸಿತು. ದಂಡಯಾತ್ರೆಯೊಂದರಿಂದ ಮರಳುವಾಗ ಕಳೆದುಹೋದ ಹಾರವನ್ನು ಹುಡುಕುತ್ತಾ ಹ. ಆಯಿಶಾ(ರ) ಹಿಂದುಳಿದರು. ಸೈನ್ಯದ ಹಿಂದಿನಿಂದ ಬರುತ್ತಿದ್ದ ಸಫ್ವಾನ್(ರ) ಅವರನ್ನು ತಮ್ಮ ಒಂಟೆಯ ಮೇಲೆ ಕೂರಿಸಿ, ತಾವು ಮುಂದೆ ನಡೆದು ಕರೆತಂದರು. ಜನ ಕಂಡದ್ದು ಇಷ್ಟೇ. ಉಳಿದುದನ್ನೆಲ್ಲ ನಾಲಗೆಗಳು ಕಟ್ಟಿದುವು. ಸುಮಾರು ಒಂದು ತಿಂಗಳ ಕಾಲ ಮದೀನಾ ಆ ಅಪಪ್ರಚಾರದಲ್ಲಿ ಬೆಂದಿತು. ಅನ್ನೂರ್ ಅಧ್ಯಾಯ ಅವತೀರ್ಣವಾದಾಗ, ಆರೋಪ ಹೊರಿಸಿದವರು ನಾಲ್ವರು ಸಾಕ್ಷಿಗಳನ್ನು ಏಕೆ ತರಲಿಲ್ಲ ಎಂದು ಅದು ಕೇಳಿತು. ಇದನ್ನು ಕೇಳಿದಾಗಲೇ ಸ್ವಂತದವರ ಬಗ್ಗೆ ಒಳ್ಳೆಯದನ್ನು ಏಕೆ ಭಾವಿಸಲಿಲ್ಲ ಎಂದು ವಿಶ್ವಾಸಿಗಳನ್ನೂ ಪ್ರಶ್ನಿಸಿತು.

ಅದೇ ಆಯಿಶಾ(ರ) ಮುಂದೆ ಇಸ್ಲಾಮೀ ಇತಿಹಾಸದ ಅತ್ಯಂತ ಕಟ್ಟುನಿಟ್ಟಿನ ಓದುಗರಲ್ಲಿ ಒಬ್ಬರಾದರು. ಮನೆಯವರು ಅತ್ತರೆ ಸತ್ತವನಿಗೆ ಶಿಕ್ಷೆಯಾಗುತ್ತದೆ ಎಂಬ ಪ್ರವಾದಿ ವಚನವನ್ನು ಅಬ್ದುಲ್ಲಾ ಬಿನ್ ಉಮರ್(ರ) ವರದಿ ಮಾಡುತ್ತಿದ್ದಾರೆ ಎಂದು ಕೇಳಿದಾಗ ಅವರು ಒಪ್ಪಲಿಲ್ಲ. ಅವರು ಸುಳ್ಳು ಹೇಳುತ್ತಿಲ್ಲ, ಮರೆತಿರಬೇಕು ಅಥವಾ ತಪ್ಪಾಗಿ ಗ್ರಹಿಸಿರಬೇಕು ಎಂದರು. ಆಮೇಲೆ ಸಂದರ್ಭವನ್ನು ಹೇಳಿದರು. ಯಹೂದಿ ಮಹಿಳೆಯೊಬ್ಬಳು ತೀರಿಕೊಂಡು ಮನೆಯವರು ಅಳುತ್ತಿದ್ದಾಗ ಪ್ರವಾದಿ(ಸ)ರು ಆ ದಾರಿಯಲ್ಲಿ ಹೋಗಿದ್ದರು. ಇವರು ಅಳುತ್ತಿದ್ದಾರೆ, ಅವಳು ಶಿಕ್ಷೆ ಅನುಭವಿಸುತ್ತಿದ್ದಾಳೆ ಎಂಬರ್ಥದ ಮಾತು ಆಡಿದ್ದರು. ಎರಡು ಸಂಗತಿಗಳು ಒಟ್ಟಿಗೆ ನಡೆದಿದ್ದುವು. ಕೇಳಿದವರು ಒಂದನ್ನು ಇನ್ನೊಂದಕ್ಕೆ ಕಾರಣ ಮಾಡಿದರು. ಒಬ್ಬನ ಪಾಪದ ಹೊರೆಯನ್ನು ಇನ್ನೊಬ್ಬ ಹೊರಲಾರ ಎಂಬ ಕುರ್‌ಆನಿನ ತತ್ವವನ್ನೂ ಆಯಿಶಾ(ರ) ಮುಂದಿಟ್ಟರು. ಅವರ ವಾದವನ್ನು ನಂತರದ ವಿದ್ವಾಂಸರೆಲ್ಲ ಹಾಗೆಯೇ ಸ್ವೀಕರಿಸಲಿಲ್ಲ. ಎರಡೂ ವರದಿಗಳನ್ನು ಹೊಂದಿಸುವ ಬೇರೆ ದಾರಿಗಳನ್ನು ಹಲವರು ಹುಡುಕಿದರು. ಆದರೆ ಅವರು ಹಾಕಿಕೊಟ್ಟ ಓದಿನ ಕ್ರಮ ನಿಂತಿತು. ಹೇಳಿದವನ ಪ್ರಾಮಾಣಿಕತೆ ಬೇರೆ, ಹೇಳಿಕೆಯ ನಿಖರತೆ ಬೇರೆ. ಸಹಾಬಿಗಳ ವರದಿಗಳಿಗೆ ಅವರು ಮಾಡಿದ ಇಂಥ ತಿದ್ದುಪಡಿಗಳನ್ನೇ ಸಂಗ್ರಹಿಸಿ ಹದಿನಾಲ್ಕನೆಯ ಶತಮಾನದಲ್ಲಿ ಇಮಾಮ್ ಝರ್ಕಶಿ ಒಂದು ಗ್ರಂಥ ಬರೆದರು. ಅಪವಾದದ ಬೆಂಕಿಯಲ್ಲಿ ಬೆಂದ ಅನುಭವವೇ ಆಯಿಶಾ(ರ)ರನ್ನು ಪುರಾವೆಯ ವಿಷಯದಲ್ಲಿ ಇಷ್ಟು ಖಡಕ್ ಆಗಿಸಿರಬಹುದೇ? ಹೌದೆನ್ನಲು ನಮಗೆ ಮನಸ್ಸಾಗುತ್ತದೆ. ಆದರೆ ಅದು ನಮ್ಮ ಊಹೆ. ಅವರ ಮಾತುಗಳಲ್ಲಿ ಅದಕ್ಕೆ ಆಧಾರ ಇಲ್ಲದಿರುವಾಗ ಊಹೆಯಾಗಿಯೇ ಇರಲಿ.

ವಿರೋಧಿಯ ಮಾತಿಗೆ ಪುರಾವೆ ಕೇಳುವುದು ಸುಲಭ. ನಮಗೆ ಹಿತವಾದ ಮಾತಿಗೆ ಕೇಳುವುದು ಕಷ್ಟ. ವಿದ್ಯೆ ಅರಸಿ ಚೀನಾದವರೆಗಾದರೂ ಹೋಗಬೇಕು ಎಂಬರ್ಥದ ಹದೀಸನ್ನು ಕೇಳದ ಮುಸ್ಲಿಮರು ಇರಲಾರರು. ಶಾಲೆಯ ಉದ್ಘಾಟನೆಯಲ್ಲಿ, ವಿದ್ಯಾರ್ಥಿವೇತನ ವಿತರಣೆಯಲ್ಲಿ, ಮುಸ್ಲಿಮೇತರ ಅತಿಥಿಗಳ ಭಾಷಣದಲ್ಲಿ ಕೂಡ ಅದು ಬಂದೇ ಬರುತ್ತದೆ. ಆದರೆ ಹದೀಸ್ ವಿದ್ವಾಂಸರು ಇದರ ವರದಿ ಸರಣಿಯನ್ನು ಪರಿಶೀಲಿಸಿ ತೀರಾ ದುರ್ಬಲವೆಂದಿದ್ದಾರೆ. ಹನ್ನೆರಡನೆಯ ಶತಮಾನದ ಇಬ್ನುಲ್ ಜೌಝಿ ಇದನ್ನು ಕೃತಕ ಹದೀಸ್‌ಗಳ ಸಂಗ್ರಹದಲ್ಲೇ ಸೇರಿಸಿದ್ದಾರೆ. ಮಾತು ಒಳ್ಳೆಯದಲ್ಲವೇ, ಜನ ಓದಿಗೆ ಬರುತ್ತಾರಲ್ಲವೇ ಎಂದು ಕೇಳಬಹುದು. ಈ ಪ್ರಶ್ನೆ ಹೊಸತೇನೂ ಅಲ್ಲ. ನೂಹ್ ಬಿನ್ ಅಬೀ ಮರ್ಯಮ್ ಎಂಬಾತ ಕುರ್‌ಆನಿನ ಒಂದೊಂದು ಅಧ್ಯಾಯದ ಮಹತ್ವವನ್ನು ಸಾರುವ ಹದೀಸ್‌ಗಳನ್ನು ಹೇಳುತ್ತಿದ್ದ. ಎಲ್ಲಿಂದ ತಂದೆ ಎಂದು ಕೇಳಿದಾಗ ತಾನೇ ಕಟ್ಟಿದ್ದೆಂದು ಒಪ್ಪಿಕೊಂಡ. ಜನರು ಅಬೂ ಹನೀಫಾರ ಫಿಕ್‌ಹ್ ಮತ್ತು ಇಬ್ನು ಇಸ್‌ಹಾಕರ ಯುದ್ಧ ಕಥನಗಳಲ್ಲಿ ಮುಳುಗಿ ಕುರ್‌ಆನನ್ನು ಮರೆಯುತ್ತಿದ್ದಾರೆ, ಆದ್ದರಿಂದ ಪುಣ್ಯದ ಆಸೆಯಿಂದ ಹೀಗೆ ಮಾಡಿದೆ ಎಂದ. ಹದೀಸ್ ವಿಜ್ಞಾನದ ಗ್ರಂಥಗಳಲ್ಲಿ ಇದು ದಾಖಲಾಗಿದೆ. ಉದ್ದೇಶ ಒಳ್ಳೆಯದೆಂದು ವಿದ್ವಾಂಸರು ರಿಯಾಯಿತಿ ಕೊಡಲಿಲ್ಲ. ಅವನ ಹೆಸರನ್ನು ಕೃತಕ ಹದೀಸ್ ಕಟ್ಟಿದವರ ಪಟ್ಟಿಯಲ್ಲೇ ಬರೆದಿಟ್ಟರು. ಇದೆಲ್ಲ ಗೊತ್ತಿದ್ದೂ ಚೀನಾದ ಮಾತನ್ನು ಪ್ರವಾದಿಯವರ ಹೆಸರಿನಲ್ಲಿ ಹೇಳುತ್ತಲೇ ಇರುವ ಭಾಷಣಕಾರರನ್ನು ಕಂಡರೆ ನಮಗೆ ಸೋಜಿಗವಾಗುತ್ತದೆ. ವಿದ್ಯಾರ್ಜನೆಯನ್ನು ಕಡ್ಡಾಯಗೊಳಿಸುವ, ವಿದ್ವಾಂಸರು ಒಪ್ಪಿದ ಬೇರೆ ಹದೀಸ್ ಇರುವಾಗ ಇದರ ಅಗತ್ಯವಾದರೂ ಏನು?

ನಮ್ಮ ರಾಜ್ಯದಲ್ಲಿ ಪುರಾವೆಯ ಪ್ರಶ್ನೆ ಅತಿ ಹೆಚ್ಚು ಬಿಸಿಯೇರುವುದು ಟಿಪ್ಪು ಸುಲ್ತಾನನ ವಿಷಯದಲ್ಲಿ. 2015ರಲ್ಲಿ ಸರಕಾರ ಟಿಪ್ಪು ಜಯಂತಿ ಆರಂಭಿಸಿದಾಗಲೂ 2019ರಲ್ಲಿ ಇನ್ನೊಂದು ಸರಕಾರ ಅದನ್ನು ನಿಲ್ಲಿಸಿದಾಗಲೂ ಎರಡೂ ಕಡೆಯವರು ಇತಿಹಾಸವನ್ನು ಓದಿದವರಂತೆಯೇ ಮಾತನಾಡಿದರು. ಇಲ್ಲಿ ಇತಿಹಾಸಕಾರ ಬಿ.ಎನ್. ಪಾಂಡೆಯವರು ಹೇಳಿಕೊಂಡ ಪ್ರಸಂಗವೊಂದನ್ನು ನೆನೆಯಬೇಕು. 1920ರ ದಶಕದ ಕೊನೆಯಲ್ಲಿ ಅಲಹಾಬಾದ್‌ನಲ್ಲಿದ್ದ ಅವರ ಕೈಗೆ ಒಂದು ಪಠ್ಯಪುಸ್ತಕ ಬಂತು. ಟಿಪ್ಪು ಬಲವಂತವಾಗಿ ಮತಾಂತರಿಸಲು ಹೊರಟಾಗ ಮೂರು ಸಾವಿರ ಬ್ರಾಹ್ಮಣರು ಆತ್ಮಹತ್ಯೆ ಮಾಡಿಕೊಂಡರು ಎಂದು ಅದರಲ್ಲಿತ್ತು. ಪಾಂಡೆಯವರು ಸಭೆ ಕರೆಯಲಿಲ್ಲ, ಖಂಡನೆ ಬರೆಯಲಿಲ್ಲ. ಪುಸ್ತಕದ ಲೇಖಕ ಹರಪ್ರಸಾದ ಶಾಸ್ತ್ರಿಯವರಿಗೆ ಆಧಾರ ಕೇಳಿ ಕಾಗದ ಬರೆದರು. ಹಲವು ಬಾರಿ ನೆನಪಿಸಿದ ಮೇಲೆ, ಮೈಸೂರು ಗೆಜೆಟಿಯರ್ ಎಂಬ ಉತ್ತರ ಬಂತು. ಗೆಜೆಟಿಯರ್ ಸಿಗದ ಕಾರಣ ಅವರು ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿ ಬ್ರಜೇಂದ್ರನಾಥ ಸೀಲ್ ಅವರಿಗೆ ಬರೆದರು. ಸೀಲ್ ಅದನ್ನು ಪ್ರೊ. ಶ್ರೀಕಂಠಯ್ಯನವರಿಗೆ ಕಳುಹಿಸಿದರು. ಅಂಥದ್ದೊಂದು ಘಟನೆ ಗೆಜೆಟಿಯರ್‌ನಲ್ಲಿ ಎಲ್ಲೂ ಇಲ್ಲ ಎಂದು ಶ್ರೀಕಂಠಯ್ಯ ಉತ್ತರಿಸಿದರು.

ಈ ಪ್ರಸಂಗ ಮುಸ್ಲಿಮ್ ಪತ್ರಿಕೆಗಳಲ್ಲಿ ಎಷ್ಟೋ ಬಾರಿ ಅಚ್ಚಾಗಿದೆ. ಅದರಿಂದ ನಮಗೆ ಖುಷಿಯೂ ಆಗಿದೆ. ಆದ್ದರಿಂದಲೇ ಅದನ್ನು ಇನ್ನೊಮ್ಮೆ ನಿಧಾನವಾಗಿ ಓದಬೇಕಾಗಿದೆ. ಮೊದಲನೆಯದಾಗಿ, ಇದು ಪಾಂಡೆಯವರೇ ಹೇಳಿದ ಕಥನ. ಶ್ರೀಕಂಠಯ್ಯನವರು ಗೆಜೆಟಿಯರ್‌ನ ಹೊಸ ಆವೃತ್ತಿಯ ಕೆಲಸದಲ್ಲಿದ್ದರು ಎಂದು ಅವರು ಹೇಳುತ್ತಾರೆ. 1927ರಿಂದ ಪ್ರಕಟವಾದ ಆ ಆವೃತ್ತಿಯ ಮೇಲೆ ಸಂಪಾದಕರೆಂದು ಇರುವ ಹೆಸರು ಸಿ. ಹಯವದನ ರಾವ್ ಅವರದು. ಇದರಿಂದ ಪ್ರಸಂಗ ಸುಳ್ಳಾಗುವುದಿಲ್ಲ. ಒಂದು ದೊಡ್ಡ ಕೆಲಸದಲ್ಲಿ ಹಲವರು ತೊಡಗಿರುತ್ತಾರೆ. ಆದರೆ ಓದುಗ ಇದನ್ನು ಗಮನಿಸಿರಬೇಕು. ಎರಡನೆಯದಾಗಿ, ಗೆಜೆಟಿಯರ್‌ನಲ್ಲಿ ಇಲ್ಲ ಎಂಬುದರಿಂದ ಸಿದ್ಧವಾಗುವುದು ಇಷ್ಟೇ: ಶಾಸ್ತ್ರಿಯವರು ತೋರಿಸಿದ ಆಧಾರ ಆಧಾರವಾಗಿರಲಿಲ್ಲ. ಆರೋಪ ಹೊರಿಸಿದವನೇ ಪುರಾವೆ ತರಬೇಕು ಎಂಬುದು ಇಸ್ಲಾಮೀ ನ್ಯಾಯದ ಮೂಲ ನಿಯಮ. ಅದರ ಪ್ರಕಾರ ಆ ಆರೋಪ ಅಲ್ಲಿಗೆ ಬಿದ್ದುಹೋಗುತ್ತದೆ. ಅದಕ್ಕೂ ಮುಂದೆ ಹೋಗಿ, ಟಿಪ್ಪು ಯಾರಿಗೂ ಯಾವ ಅನ್ಯಾಯವನ್ನೂ ಮಾಡಲಿಲ್ಲ ಎಂದು ಈ ಒಂದು ಕಾಗದದ ಮೇಲೆ ಹೇಳಲು ಬರುವುದಿಲ್ಲ.

ಶೃಂಗೇರಿಯ ಪತ್ರಗಳ ಕಥೆಯೂ ಹೀಗೆಯೇ. 1916ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಆರ್. ನರಸಿಂಹಾಚಾರ್ಯರು ಶೃಂಗೇರಿ ಮಠದಲ್ಲಿ ಟಿಪ್ಪು ಬರೆಸಿದ ಕನ್ನಡ ಪತ್ರಗಳ ಕಟ್ಟನ್ನು ಕಂಡರು. 1791ರಲ್ಲಿ ಮರಾಠಾ ಸೈನ್ಯದ ಸವಾರರು ಮಠವನ್ನು ಲೂಟಿ ಮಾಡಿದ ಮೇಲೆ ಬರೆದ ಪತ್ರಗಳು ಅದರಲ್ಲಿವೆ. ಟಿಪ್ಪು ಸ್ವಾಮಿಗಳಿಗೆ ಗೌರವದಿಂದ ಬರೆದ. ದೇವಿಯ ಪುನಃಪ್ರತಿಷ್ಠೆಗೆ ನೆರವು ಕೊಡಿಸಿದ. ಇದು ಭದ್ರವಾದ ಪುರಾವೆ. ಮಠದ ಸ್ವಂತ ದಫ್ತರದಿಂದ ಬಂದದ್ದು. ಟಿಪ್ಪುವಿಗೆ ದೇವಸ್ಥಾನಗಳನ್ನು ನಾಶಮಾಡುವುದೇ ಗುರಿಯಾಗಿತ್ತು ಎಂಬ ಓದನ್ನು ಈ ಪತ್ರಗಳು ನಿಲ್ಲಲು ಬಿಡುವುದಿಲ್ಲ. ಆದರೆ ಅದೇ ಟಿಪ್ಪು 1784ರಲ್ಲಿ ಕರಾವಳಿಯ ಕೆಥೊಲಿಕ್ ಕ್ರೈಸ್ತರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದೂ ದಾಖಲಾದ ಸಂಗತಿಯೇ. ಸಂಖ್ಯೆಯ ಬಗ್ಗೆ ಮೂಲಗಳಲ್ಲಿ ಒಮ್ಮತವಿಲ್ಲ. ಘಟನೆಯ ಬಗ್ಗೆ ಸಂಶಯವಿಲ್ಲ. ಬ್ರಿಟಿಷರೊಂದಿಗಿನ ಯುದ್ಧದಲ್ಲಿ ಅವರು ಶತ್ರುವಿಗೆ ನೆರವಾದರು ಎಂಬುದು ಟಿಪ್ಪುವಿನ ಆರೋಪವಾಗಿತ್ತು. ಹೌದೆಂದೇ ಇಟ್ಟುಕೊಳ್ಳೋಣ. ಮಕ್ಕಳು, ಮುದುಕರು ಯಾವ ಬ್ರಿಟಿಷರಿಗೆ ನೆರವಾಗಿದ್ದರು? ಕೆಲವರ ಮೇಲಿನ ಗುಮಾನಿಗೆ ಒಂದಿಡೀ ಸಮುದಾಯ ಬೆಲೆ ತೆರುವುದು ಏನೆಂದು ನಮಗೆ ಬೇರೆ ಯಾರೂ ಕಲಿಸಬೇಕಾಗಿಲ್ಲ. ಶೃಂಗೇರಿಯ ಪತ್ರವನ್ನು ಚೌಕಟ್ಟು ಹಾಕಿ ತೂಗಿಸುವ ಕೈಯೇ ಈ ಪುಟವನ್ನು ಮಡಚಿ ಇಟ್ಟರೆ ನಮ್ಮ ನೆರೆಯ ಕ್ರೈಸ್ತ ಬಂಧುಗಳು ನಮ್ಮ ಓದನ್ನು ಏಕೆ ನಂಬಬೇಕು?

ಇನ್ನೊಂದು ಕಡೆಯ ಓದು ಹೇಗಿತ್ತೆಂಬುದನ್ನೂ ನೋಡಿದ್ದೇವೆ. ಟಿಪ್ಪುವನ್ನು ಕೊಂದದ್ದು ಬ್ರಿಟಿಷ್ ಸೈನ್ಯವಲ್ಲ, ಉರಿಗೌಡ ಮತ್ತು ನಂಜೇಗೌಡ ಎಂಬ ಇಬ್ಬರು ಒಕ್ಕಲಿಗ ವೀರರು ಎಂಬ ಮಾತು 2023ರ ವಿಧಾನಸಭಾ ಚುನಾವಣೆಯ ಹೊತ್ತಿಗೆ ಜೋರಾಯಿತು. ಅವರ ಹೆಸರಿನಲ್ಲಿ ಚಲನಚಿತ್ರ ತೆಗೆಯುವ ಘೋಷಣೆಯೂ ಆಯಿತು. ಆಗ ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮೀಜಿ ಮಧ್ಯೆ ಬಂದರು. ಐತಿಹಾಸಿಕ ದಾಖಲೆಗಳಿದ್ದರೆ ಸಂಗ್ರಹಿಸಿ ಮಠಕ್ಕೆ ತಂದುಕೊಡಿ, ಅಲ್ಲಿಯ ತನಕ ಈ ಮಾತು ಬೇಡ ಎಂದರು. ತಮ್ಮದೇ ಸಮುದಾಯಕ್ಕೆ ಇಬ್ಬರು ವೀರರನ್ನು ಪುಕ್ಕಟೆಯಾಗಿ ಕೊಡುತ್ತೇವೆಂದು ಬಂದವರಿಗೆ ಅವರು ಹೀಗೆ ಹೇಳಿದರು. ಚಿತ್ರ ನಿಂತಿತು. ಹಿತವಾದ ಮಾತಿಗೆ ಪುರಾವೆ ಕೇಳುವುದೆಂದರೆ ಇದು. ಇಂಥ ಧ್ವನಿ ನಮ್ಮ ಮಿಂಬರ್‌ಗಳಿಂದ ಇನ್ನೂ ಹೆಚ್ಚಾಗಿ ಕೇಳಿಬರಲಿ ಎಂದು ನಾವು ಆಶಿಸುತ್ತೇವೆ.

ಗೆಜೆಟಿಯರ್ ಮತ್ತು ದಫ್ತರಗಳನ್ನು ತೆರೆಯುವವರು ಕೆಲವೇ ಮಂದಿ. ಇಂದು ಜನರು ಅತಿ ಹೆಚ್ಚು ಓದುವುದು ಮೊಬೈಲ್ ಪರದೆಯನ್ನು. ಅಲ್ಲಿ ಆಧಾರ ಕೇಳುವಷ್ಟು ವ್ಯವಧಾನ ಯಾರಿಗೂ ಇಲ್ಲ. 'ಕಣ್ಣಾರೆ ನೋಡಿದ ಮೇಲೂ ಪುರಾವೆಯೇ?' ಎಂದು ವಿಡಿಯೊ ತೋರಿಸುತ್ತಾರೆ. 2018ರಲ್ಲಿ ಮಕ್ಕಳ ಕಳ್ಳರ ವದಂತಿ ಹಬ್ಬಿದಾಗ ದೇಶದ ಹಲವೆಡೆ ಹರಿದಾಡಿದ್ದು ಅಂಥದೊಂದು ವಿಡಿಯೊ. ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಬೈಕಿನಲ್ಲಿ ಬಂದ ಇಬ್ಬರು ಎತ್ತಿಕೊಂಡು ಹೋಗುವ ದೃಶ್ಯ ಅದರಲ್ಲಿತ್ತು. ಆ ವರ್ಷ ಜುಲೈಯಲ್ಲಿ ಹೈದರಾಬಾದ್‌ನ ಕೆಲವು ಯುವಕರು ಬೀದರ್ ಜಿಲ್ಲೆಗೆ ಬಂದಿದ್ದರು. ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅಪರಿಚಿತರು, ಕಾರು, ಚಾಕೊಲೇಟ್. ಈ ಮೂರನ್ನು ಕೂಡಿಸಿ ಊರವರು ತೀರ್ಮಾನಕ್ಕೆ ಬಂದರು. ಅವರ ಚಿತ್ರ ವಾಟ್ಸ್‌ಆ್ಯಪ್ ಮೂಲಕ ಅವರಿಗಿಂತ ಮುಂಚೆ ಮುರ್ಕಿ ಗ್ರಾಮಕ್ಕೆ ತಲುಪಿತು. ಅಲ್ಲಿ ರಸ್ತೆಗೆ ಅಡ್ಡಗಟ್ಟಿ ಕಾದಿದ್ದ ಗುಂಪು ಅವರಲ್ಲಿ ಒಬ್ಬನನ್ನು ಹೊಡೆದು ಕೊಂದಿತು. ಆತ ಸಾಫ್ಟ್‌ವೇರ್ ಇಂಜಿನಿಯರ್ ಆಗಿದ್ದ. ಕೊಂದವರಲ್ಲಿ ಎಷ್ಟೋ ಮಂದಿ ತಾವು ಮಕ್ಕಳನ್ನು ಉಳಿಸುತ್ತಿದ್ದೇವೆ ಎಂದೇ ನಂಬಿದ್ದಿರಬೇಕು.

ಬೈಕಿನ ಆ ವಿಡಿಯೊ ಎಲ್ಲಿಯದೆಂದು ಆಮೇಲೆ ಪತ್ತೆಯಾಯಿತು. ಮಕ್ಕಳ ಸುರಕ್ಷತೆಗಾಗಿ ದುಡಿಯುವ ಕರಾಚಿಯ ಸಂಸ್ಥೆಯೊಂದು ಹೆತ್ತವರನ್ನು ಎಚ್ಚರಿಸಲು ನಟರಿಂದ ಮಾಡಿಸಿದ ಕಿರುಚಿತ್ರ ಅದು. ಮೂಲ ಚಿತ್ರದಲ್ಲಿ ಬೈಕು ತಿರುಗಿ ಬರುತ್ತದೆ, ಮಗುವನ್ನು ಅದೇ ಬೀದಿಯಲ್ಲಿ ಇಳಿಸುತ್ತಾರೆ, ಸವಾರ ಒಂದು ಫಲಕ ಎತ್ತಿ ಹಿಡಿಯುತ್ತಾನೆ. ಮಗುವನ್ನು ಅಪಹರಿಸಲು ಒಂದು ಕ್ಷಣ ಸಾಕು ಎಂಬರ್ಥದ ಎಚ್ಚರಿಕೆ ಅದರಲ್ಲಿದೆ. ನಮ್ಮಲ್ಲಿ ಹಂಚಿಕೆಯಾದ ವಿಡಿಯೊದಲ್ಲಿ ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು.